ಸಂಜೆಯ ನೀಲಿ ಬೆಳಕು ಮತ್ತು ಹಳ್ಳಿಯ ನಿದ್ರೆ

(ಕೃಷ್ಣರಾಜಪೇಟೆ ತಾಲ್ಲೂಕು ಶೀಳನೆರೆ ಹೋಬಳಿಯ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ಬೀದಿದೀಪದ ಮಾತು ಬಾರದ ತಿಂಗಳು ಅಪರೂಪ. ಯಾವ ಕಂಬದ ದೀಪ ಕೆಟ್ಟಿದೆ, ಯಾವ ಬೀದಿಗೆ ಇನ್ನೂ ದೀಪ ಬಂದಿಲ್ಲ, ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೆ ಪಾವತಿಸಬೇಕಾದ ಬಾಕಿ ಎಷ್ಟು ಎಂಬ ಮೂರು ಪ್ರಶ್ನೆಗಳ ಸುತ್ತಲೇ ಚರ್ಚೆ ಮುಗಿಯುತ್ತದೆ. ಆ ದೀಪ ಇಡೀ ರಾತ್ರಿ ಉರಿಯುವಾಗ ಅದರೆದುರಿನ ಮನೆಯಲ್ಲಿ ಮಲಗಿದವರ ನಿದ್ರೆ ಏನಾಗುತ್ತದೆ ಎಂಬ ಪ್ರಶ್ನೆ ನಡವಳಿ ಪುಸ್ತಕವನ್ನು ಸೇರುವುದು ವಿರಳ. ಮನೆಯೊಳಗಿನ ಬಲ್ಬು, ಟಿ.ವಿ., ಮೊಬೈಲುಗಳ ಬೆಳಕಂತೂ ಪಂಚಾಯಿತಿಯ ವ್ಯಾಪ್ತಿಗೆ ಸೇರಿದ ವಿಷಯವೆಂದು ಯಾರೂ ಭಾವಿಸುವುದಿಲ್ಲ. ಆದರೆ ನಿದ್ರೆಗೆಟ್ಟ ಮಗು ಮರುದಿನ ಬಂದು ಕೂರುವುದು ಪಂಚಾಯಿತಿ ವ್ಯಾಪ್ತಿಯ ಶಾಲೆಯಲ್ಲೇ. ನಿದ್ರೆಗೆಟ್ಟ ಯುವಕ ಬೆಳಗಿನ ಜಾವ ದ್ವಿಚಕ್ರ ವಾಹನ ಏರುವುದು ಪಂಚಾಯಿತಿ ರಸ್ತೆಯಲ್ಲೇ.

ವಿದ್ಯುತ್ ಬೆಳಕಿನ ಚರಿತ್ರೆಯಲ್ಲಿ ಮಂಡ್ಯ ಜಿಲ್ಲೆಗೆ ದೊಡ್ಡ ಸ್ಥಾನವಿದೆ. ಶಿವನಸಮುದ್ರದ ಜಲವಿದ್ಯುದಾಗಾರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಅದೇ ವಿದ್ಯುತ್ತು ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಆದರೆ ದೀಪದ ಬುಡದಲ್ಲೇ ಕತ್ತಲೆ ಎಂಬಂತೆ, ಈ ಭಾಗದ ಹಳ್ಳಿಗಳು ಅದಾದ ಬಹುಕಾಲದವರೆಗೆ ಬುಡ್ಡಿದೀಪ, ಲಾಟೀನುಗಳ ಬೆಳಕಿನಲ್ಲೇ ಉಂಡು ಮಲಗಿದವು. ಭಾಗ್ಯಜ್ಯೋತಿ ಯೋಜನೆಯಡಿ ಬಡವರ ಮನೆಗೆ ಬಂದ ಒಂಟಿ ಬಲ್ಬಿನ ಬೆಳಕೂ ಹಳದಿಯೇ. ಲಾಟೀನಿನ ಜ್ವಾಲೆಯಲ್ಲಾಗಲಿ, ತಂತಿ ಕಾದು ಬೆಳಗುವ ಹಳೆಯ ಬಲ್ಬಿನಲ್ಲಾಗಲಿ ನೀಲಿಯ ಪಾಲು ಬಹಳ ಕಡಿಮೆ. ಅನಂತರ ಟ್ಯೂಬ್‌ಲೈಟು, ಸಿ.ಎಫ್.ಎಲ್. ಬಂದವು. 2015ರಲ್ಲಿ ರಾಜ್ಯದಲ್ಲಿ ಆರಂಭವಾದ ‘ಹೊಸ ಬೆಳಕು’ ಯೋಜನೆಯ ಮೂಲಕ 9 ವ್ಯಾಟಿನ ಎಲ್‌ಇಡಿ ಬಲ್ಬುಗಳು ಮನೆಮನೆಗೆ ತಲುಪಿದವು. ವಿದ್ಯುತ್ ಉಳಿತಾಯದ ದೃಷ್ಟಿಯಿಂದ ಅದು ಸರಿಯಾದ ಹೆಜ್ಜೆಯೇ ಆಗಿತ್ತು. ಎಲ್‌ಇಡಿಯನ್ನು ಬಿಟ್ಟು ಹಿಂದಕ್ಕೆ ಹೋಗಬೇಕೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಬಿಳಿ ಎಲ್‌ಇಡಿ ತಯಾರಾಗುವ ಬಗೆಯನ್ನು ಅರಿತು ಬಳಸಬೇಕು ಎಂಬುದಷ್ಟೇ ಇಲ್ಲಿನ ವಿಚಾರ.

ಬಿಳಿ ಎಲ್‌ಇಡಿಯ ಒಳಗಿರುವ ಚಿಪ್ಪು ಹೊಮ್ಮಿಸುವುದು ನೀಲಿ ಬೆಳಕನ್ನು. ಅದರ ಮೇಲೆ ಹಳದಿ ಬೆಳಕು ಸೂಸುವ ರಂಜಕದ ಲೇಪವಿರುತ್ತದೆ. ನೀಲಿ ಮತ್ತು ಹಳದಿ ಬೆರೆತು ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಈ ನೀಲಿ ಎಲ್‌ಇಡಿಯನ್ನು ಸಾಧ್ಯವಾಗಿಸಿದ ಜಪಾನ್ ಮೂಲದ ಮೂವರು ವಿಜ್ಞಾನಿಗಳಿಗೆ 2014ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂದಿತು. ಲೇಪ ತೆಳುವಾಗಿದ್ದರೆ ಬೆಳಕು ಹಾಲಿನಂತೆ ಬೆಳ್ಳಗೆ, ತುಸು ನೀಲಿಯಾಗಿ ಕಾಣುತ್ತದೆ. ದಪ್ಪವಾಗಿದ್ದರೆ ಹಳದಿಯ ಕಡೆಗೆ ವಾಲುತ್ತದೆ. ಬಲ್ಬಿನ ಡಬ್ಬಿಯ ಮೇಲೆ 6500 ಕೆಲ್ವಿನ್, 4000 ಕೆಲ್ವಿನ್, 3000 ಕೆಲ್ವಿನ್ ಎಂದು ಮುದ್ರಿಸಿರುವುದು ಇದನ್ನೇ ಸೂಚಿಸುತ್ತದೆ. ಸಂಖ್ಯೆ ದೊಡ್ಡದಾದಷ್ಟೂ ನೀಲಿಯ ಪಾಲು ಹೆಚ್ಚು. ಮೊಬೈಲ್ ಮತ್ತು ಟಿ.ವಿ. ಪರದೆಗಳ ಹಿಂದಿನ ಬೆಳಕೂ ಬಹುಮಟ್ಟಿಗೆ ಇದೇ ಜಾತಿಯದು.

ಕಣ್ಣು ನೋಡುವುದಕ್ಕೆ ಮಾತ್ರ ಇರುವ ಅಂಗವೆಂದು ಬಹುಕಾಲ ನಂಬಲಾಗಿತ್ತು. ಅಕ್ಷಿಪಟಲದಲ್ಲಿ ನೋಟಕ್ಕಿಂತ ಮುಖ್ಯವಾಗಿ ಹೊತ್ತನ್ನು ಅಳೆಯುವ ಕೆಲಸ ಮಾಡುವ ಬೇರೊಂದು ಬಗೆಯ ಜೀವಕೋಶಗಳಿವೆ ಎಂಬುದು 2002ರ ಸುಮಾರಿಗೆ ಖಚಿತವಾಯಿತು. ಅವುಗಳಲ್ಲಿರುವ ಮೆಲನಾಪ್ಸಿನ್ ಎಂಬ ವರ್ಣದ್ರವ್ಯ ಸುಮಾರು 480 ನ್ಯಾನೋಮೀಟರಿನ ನೀಲಿ ಬೆಳಕಿಗೆ ಅತಿ ಹೆಚ್ಚು ಸ್ಪಂದಿಸುತ್ತದೆ. ಹಗಲಿನ ಆಕಾಶ ನೀಲಿಯಾದ್ದರಿಂದ ಈ ಏರ್ಪಾಡು ಸಹಜವೇ. ನೀಲಿ ಇದೆ ಎಂದರೆ ಹಗಲು ಇದೆ ಎಂದು ಈ ಕೋಶಗಳು ಮಿದುಳಿನಲ್ಲಿರುವ ಜೈವಿಕ ಗಡಿಯಾರಕ್ಕೆ ಸುದ್ದಿ ಮುಟ್ಟಿಸುತ್ತವೆ. ಕತ್ತಲಾದಾಗ ಆ ಸುದ್ದಿ ನಿಂತು, ಪೀನಿಯಲ್ ಗ್ರಂಥಿ ಮೆಲಟೋನಿನ್ ಎಂಬ ಹಾರ್ಮೋನನ್ನು ಸ್ರವಿಸತೊಡಗುತ್ತದೆ. ಮೆಲಟೋನಿನ್ ನಿದ್ರೆಯ ಗುಳಿಗೆಯಲ್ಲ. ರಾತ್ರಿಯಾಯಿತು ಎಂದು ಇಡೀ ದೇಹಕ್ಕೆ ಸಾರುವ ಡಂಗುರ. ರಾತ್ರಿ ಹತ್ತಕ್ಕೆ ಮುಖದ ಮುಂದೆ ಬಿಳಿ ಪರದೆ ಹಿಡಿದರೆ ಡಂಗುರ ತಡವಾಗುತ್ತದೆ.

ಎಷ್ಟು ತಡವಾಗುತ್ತದೆ? ಅಮೆರಿಕದ ಬಾಸ್ಟನ್ನಿನಲ್ಲಿ ನಡೆದು 2014ರ ಡಿಸೆಂಬರಿನಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 12 ಮಂದಿ ಆರೋಗ್ಯವಂತ ಯುವಜನರಿಗೆ ಮಲಗುವ ಮುನ್ನ ನಾಲ್ಕು ಗಂಟೆಗಳ ಕಾಲ, ಐದು ರಾತ್ರಿ, ಬೆಳಗುವ ಪರದೆಯಲ್ಲಿ ಓದಿಸಲಾಯಿತು; ಮತ್ತೆ ಐದು ರಾತ್ರಿ ಮಂದ ಬೆಳಕಿನಲ್ಲಿ ಮುದ್ರಿತ ಪುಸ್ತಕ ಓದಿಸಲಾಯಿತು. ಪರದೆಯಲ್ಲಿ ಓದಿದಾಗ ಸಂಜೆಯ ಮೆಲಟೋನಿನ್ ಅರ್ಧಕ್ಕಿಂತ ಹೆಚ್ಚು ತಗ್ಗಿತು, ದೇಹದ ಗಡಿಯಾರ ಸುಮಾರು ಒಂದೂವರೆ ಗಂಟೆ ಹಿಂದಕ್ಕೆ ಸರಿಯಿತು, ನಿದ್ರೆ ಹತ್ತಲು ಸುಮಾರು 10 ನಿಮಿಷ ಹೆಚ್ಚು ಬೇಕಾಯಿತು. ಈ ಕೊನೆಯ ಅಂಕಿಯನ್ನು ಸದಸ್ಯರು ವಿಶೇಷವಾಗಿ ಗಮನಿಸುವುದು ಒಳ್ಳೆಯದು. ಹತ್ತು ನಿಮಿಷ ದೊಡ್ಡದಲ್ಲ. ನೀಲಿ ಬೆಳಕೊಂದೇ ನಿದ್ರೆಯನ್ನು ಹಾಳುಮಾಡಿದೆ ಎಂದು ಹೆದರಿಸುವ ಸಂದೇಶಗಳು ಮೊಬೈಲುಗಳಲ್ಲಿ ಹರಿದಾಡುತ್ತಿವೆ, ಅವು ಉತ್ಪ್ರೇಕ್ಷೆ. ಪರದೆ ಕದಿಯುವ ನಿದ್ರೆಯಲ್ಲಿ ಬೆಳಕಿನ ಪಾಲು ಒಂದಿಷ್ಟು, ಒಂದಾದ ಮೇಲೊಂದು ಬರುವ ದೃಶ್ಯಗಳಲ್ಲಿ ಮನಸ್ಸು ಸಿಕ್ಕಿಕೊಳ್ಳುವುದರ ಪಾಲು ಇನ್ನೂ ದೊಡ್ಡದು. ಈ ಎರಡನ್ನೂ ಒಟ್ಟಿಗೆ ಕಾಣದೆ ಕೈಗೊಳ್ಳುವ ಕ್ರಮ ಅರೆಬರೆಯಾಗುತ್ತದೆ.

ಶೀಳನೆರೆ ಭಾಗದ ಒಂದು ಸಾಧಾರಣ ಮನೆಯ ಲೆಕ್ಕ ಹೀಗಿರಬಹುದು. ಗೃಹಿಣಿ ಬೆಳಿಗ್ಗೆ ಐದಕ್ಕೆ ಏಳಲೇಬೇಕು. ಕೊಟ್ಟಿಗೆ ಬಳಿದು, ಹಾಲು ಕರೆದು, ಡೇರಿಗೆ ಹಾಕುವ ಹೊತ್ತು ಯಾರಿಗಾಗಿಯೂ ಕಾಯುವುದಿಲ್ಲ. ವಯಸ್ಕರಿಗೆ ಕನಿಷ್ಠ 7 ಗಂಟೆ ನಿದ್ರೆ ಬೇಕೆಂಬುದು ವೈದ್ಯಕೀಯ ನಿಲುವು. ಆ ಪ್ರಕಾರ ಆಕೆ ರಾತ್ರಿ ಹತ್ತಕ್ಕೆ ನಿದ್ರಿಸಿರಬೇಕು. ಧಾರಾವಾಹಿ ಮುಗಿದು, ಮನೆಯವರೆಲ್ಲರ ಊಟದ ಪಾತ್ರೆ ತೊಳೆದು, ಹಾಸಿಗೆಯಲ್ಲಿ ಒಂದಿಷ್ಟು ಮೊಬೈಲ್ ನೋಡಿ ಮಲಗುವಾಗ ಹನ್ನೊಂದು. ದಿನಕ್ಕೆ ಒಂದು ಗಂಟೆ ಕೊರತೆ. ವಾರಕ್ಕೆ ಏಳು ಗಂಟೆ, ಅಂದರೆ ವಾರಕ್ಕೊಂದು ಇಡೀ ರಾತ್ರಿ. ಪಟ್ಟಣದವರು ಭಾನುವಾರ ತಡವಾಗಿ ಎದ್ದು ಈ ಸಾಲದ ಸ್ವಲ್ಪ ಭಾಗವನ್ನು ತೀರಿಸಬಲ್ಲರು. ಹಸುವಿಗೆ ಭಾನುವಾರವಿಲ್ಲ. ಅದೇ ಮನೆಯ ಹತ್ತು ವರ್ಷದ ಮಗುವಿಗೆ ಬೇಕಾದದ್ದು 9ರಿಂದ 12 ಗಂಟೆ ನಿದ್ರೆ. ಬೆಳಿಗ್ಗೆ ಆರಕ್ಕೆ ಏಳಿಸುವುದಾದರೆ ರಾತ್ರಿ ಒಂಬತ್ತಕ್ಕೇ ಮಲಗಿರಬೇಕು, ಟಿ.ವಿ. ಇರುವ ಕೋಣೆಯಲ್ಲೇ ಎಲ್ಲರೂ ಮಲಗುವ ಮನೆಯಲ್ಲಿ ಇದು ಹೇಗೆ ಸಾಧ್ಯ?

ಮಕ್ಕಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ಅವರ ಕಣ್ಣಿನ ಮಸೂರ ತಿಳಿಯಾಗಿರುತ್ತದೆ, ಪಾಪೆ ಅಗಲವಾಗಿರುತ್ತದೆ. ಹೀಗಾಗಿ ಅದೇ ಬೆಳಕಿಗೆ ಅವರ ಮೆಲಟೋನಿನ್ ದೊಡ್ಡವರದಕ್ಕಿಂತ ಹೆಚ್ಚು ತಗ್ಗುತ್ತದೆ. ವಯಸ್ಸಾದಂತೆ ಮಸೂರ ಹಳದಿಗಟ್ಟಿ ನೀಲಿಯನ್ನು ತಾನೇ ತಡೆಯುತ್ತದೆ. ‘ದಿನಾ ಟಿ.ವಿ. ನೋಡ್ತಲೇ ಮಲಗ್ತೀನಿ, ನನಗೇನೂ ಆಗಿಲ್ಲ’ ಎನ್ನುವ ಅಜ್ಜನ ಮಾತು ಸುಳ್ಳಲ್ಲ, ಆದರೆ ಅದು ಮೊಮ್ಮಗನಿಗೆ ಅನ್ವಯಿಸುವುದಿಲ್ಲ. ಒಂದೇ ವಯಸ್ಸಿನವರಲ್ಲೂ ಸಂಜೆಯ ಬೆಳಕಿಗೆ ಸ್ಪಂದಿಸುವುದರಲ್ಲಿ 50 ಪಟ್ಟಿಗೂ ಮೀರಿದ ವ್ಯತ್ಯಾಸವಿದೆಯೆಂದು 2019ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದು ತೋರಿಸಿತು. ಆದ್ದರಿಂದ ಒಬ್ಬರ ಅನುಭವವನ್ನು ಊರಿನ ಅಳತೆಗೋಲು ಮಾಡುವುದು ತಪ್ಪಾಗುತ್ತದೆ.

ಈ ವಿಷಯದಲ್ಲಿ ಪಂಚಾಯಿತಿಗಳು ಏನಾದರೂ ಮಾಡಬಲ್ಲವೇ ಎಂಬ ಸಂದೇಹಕ್ಕೆ ಉತ್ತರ ಈಗಾಗಲೇ ದೊರೆತಿದೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಲ್ಲಿ 2022ರಿಂದ ಸಂಜೆ ಏಳಕ್ಕೆ ದೇವಾಲಯದ ಸೈರನ್ ಮೊಳಗುತ್ತದೆ. ಒಂದೂವರೆ ಗಂಟೆ ಟಿ.ವಿ., ಮೊಬೈಲುಗಳು ಬಂದ್. ಕರ್ನಾಟಕದಲ್ಲಿ, ಬೆಳಗಾವಿಯ ಸುವರ್ಣ ವಿಧಾನಸೌಧದ ಸಮೀಪದ ಹಲಗಾ ಗ್ರಾಮವು 2025ರ ಡಿಸೆಂಬರಿನಲ್ಲಿ ಸಾಂಗ್ಲಿ ಜಿಲ್ಲೆಯ ಮಾದರಿಯನ್ನೇ ಅನುಸರಿಸಿ, ಸಂಜೆ ಏಳರಿಂದ ಒಂಬತ್ತರವರೆಗೆ ಇಂಥದೇ ನಿಯಮವನ್ನು ಕೈಗೊಂಡಿತು. ಇಲ್ಲಿ ದಂಡವಾಗಲಿ ಪೊಲೀಸರಾಗಲಿ ಮುಖ್ಯವಲ್ಲ. ಎಲ್ಲರ ಮನೆಯಲ್ಲೂ ಒಂದೇ ಹೊತ್ತಿಗೆ ಟಿ.ವಿ. ನಿಲ್ಲುವುದರಿಂದ, ತನ್ನ ಮನೆಯಲ್ಲಿ ಮಾತ್ರ ಏಕೆ ಎಂದು ಕೇಳಲು ಮಕ್ಕಳಿಗೆ ಆಸ್ಪದವಿರುವುದಿಲ್ಲ. ಒಂದು ಮನೆ ಒಂಟಿಯಾಗಿ ಮಾಡಲಾಗದ್ದನ್ನು ಊರು ಒಟ್ಟಾಗಿ ಮಾಡಬಲ್ಲದು ಎಂಬುದೇ ಇದರ ಬಲ.

ಆದರೂ ಈ ಮಾದರಿಯನ್ನು ಹಾಗೆಯೇ ತಂದು ನೆಡುವ ಮೊದಲು ಒಂದು ವಿಚಾರ ಮಾಡಬೇಕಾಗಿದೆ. ಏಳರಿಂದ ಒಂಬತ್ತು ಓದಿನ ಸಮಯ. ಅದರ ಗುರಿ ವ್ಯಾಸಂಗ ಮತ್ತು ಮಾತುಕತೆ. ಒಂಬತ್ತಕ್ಕೆ ಸೈರನ್ ಮುಗಿದ ಕೂಡಲೇ ಮಕ್ಕಳು ಮೊಬೈಲ್ ಹಿಡಿದು ಹನ್ನೊಂದರವರೆಗೆ ಕುಳಿತರೆ ಓದಿಗೆ ಲಾಭವಾದೀತು, ನಿದ್ರೆಗೆ ಆಗದು. ನಿದ್ರೆಯ ದೃಷ್ಟಿಯಿಂದ ಮುಖ್ಯವಾದದ್ದು ಮಲಗುವ ಮುಂಚಿನ ಒಂದೆರಡು ಗಂಟೆ. ಶೀಳನೆರೆಯಂಥ ಕಡೆ ಸಂಜೆ ಏಳಕ್ಕೆ ಅನೇಕರು ಇನ್ನೂ ಗದ್ದೆಯಿಂದಲೋ ಆಲೆಮನೆಯಿಂದಲೋ ಮರಳಿರುವುದಿಲ್ಲ. ಎಂಟೂವರೆಯಿಂದ ಆಚೆಗೆ, ಅದರಲ್ಲೂ ಶಾಲಾ ಮಕ್ಕಳಿರುವ ಮನೆಗಳಲ್ಲಿ, ಪರದೆ ನಿಲ್ಲಿಸುವ ನಿಯಮ ಇಲ್ಲಿನ ದಿನಚರಿಗೆ ಹೆಚ್ಚು ಹೊಂದೀತು. ಯಾವ ಹೊತ್ತು ಎಂಬುದನ್ನು ವಾರ್ಡ್ ಸಭೆಯೇ ತೀರ್ಮಾನಿಸುವುದು ಲೇಸು. ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳನ್ನೇ ಕೇಳಿದರೆ ದೊಡ್ಡವರಿಗೆ ಮುಜುಗರವಾಗುವಂಥ ಉತ್ತರಗಳೂ ಬರಬಹುದು. ಮನೆಯಲ್ಲಿ ಹೆಚ್ಚು ಹೊತ್ತು ಮೊಬೈಲ್ ಹಿಡಿದಿರುವವರು ಯಾವಾಗಲೂ ಮಕ್ಕಳೇ ಆಗಿರುವುದಿಲ್ಲ.

ಮನೆಯೊಳಗೆ ಮಾಡಬಹುದಾದದ್ದು ಹೆಚ್ಚು ಖರ್ಚಿನದಲ್ಲ. ಮಲಗುವ ಕೋಣೆಯ, ನಡುಮನೆಯ ಬಲ್ಬು ಕೆಟ್ಟಾಗ ಅಂಗಡಿಯಲ್ಲಿ 6500 ಕೆಲ್ವಿನ್ ಬದಲು 2700 ಅಥವಾ 3000 ಕೆಲ್ವಿನ್‌ನ ಹಳದಿ ಎಲ್‌ಇಡಿಯನ್ನು ಕೇಳಿ ಪಡೆಯಬೇಕು. ಉಳಿತಾಯ ಹೆಚ್ಚುಕಡಿಮೆ ಅಷ್ಟೇ. ರಾತ್ರಿ ಊಟವಾದ ಮೇಲೆ ಎರಡು ದೀಪವಿರುವಲ್ಲಿ ಒಂದನ್ನು ಆರಿಸಬೇಕು. ಬಣ್ಣದಷ್ಟೇ ಪ್ರಮಾಣವೂ ಮುಖ್ಯ. ಬಚ್ಚಲಿಗೆ ಹೋಗಲು ರಾತ್ರಿಯಿಡೀ ದೀಪ ಬೇಕಾದ ಮನೆಯಲ್ಲಿ ಕೆಂಪು ಅಥವಾ ಹಳದಿಯ ಅರ್ಧ ವ್ಯಾಟಿನ ಸಣ್ಣ ಬಲ್ಬು ಸಾಕು. ಮೊಬೈಲಿನಲ್ಲಿರುವ ಹಳದಿ ಪರದೆಯ ಆಯ್ಕೆಯನ್ನು ಬಳಸುವುದರಲ್ಲಿ ನಷ್ಟವಿಲ್ಲ, ಆದರೆ ಅದನ್ನು ಹಾಕಿಕೊಂಡು ನಡುರಾತ್ರಿಯವರೆಗೆ ನೋಡಬಹುದೆಂಬ ಧೈರ್ಯ ಸಲ್ಲದು. ಅಮೆರಿಕದಲ್ಲಿ 2021ರಲ್ಲಿ 167 ಯುವಜನರ ಮೇಲೆ ನಡೆಸಿದ ಅಧ್ಯಯನದಲ್ಲಿ ಈ ಆಯ್ಕೆಯಿಂದ ನಿದ್ರೆ ಉತ್ತಮಗೊಂಡದ್ದು ಒಟ್ಟಾರೆಯಾಗಿ ಕಂಡುಬರಲಿಲ್ಲ. ನೀಲಿ ಬೆಳಕು ತಡೆಯುವ ಕನ್ನಡಕಗಳ ಕುರಿತು 17 ಪ್ರಯೋಗಗಳನ್ನು ಪರಿಶೀಲಿಸಿದ 2023ರ ಕಾಕ್ರೇನ್ ವಿಮರ್ಶೆಯೂ ನಿದ್ರೆಗೆ ಅವು ಉಪಕಾರಿ ಎಂಬ ಖಚಿತ ಆಧಾರವನ್ನು ಕಾಣಲಿಲ್ಲ. ಮಕ್ಕಳ ಕನ್ನಡಕಕ್ಕೆ ಈ ಹೆಸರಿನಲ್ಲಿ ಹೆಚ್ಚುವರಿ ಹಣ ತೆರುವ ಅಗತ್ಯವಿಲ್ಲ. ಮೊಬೈಲ್ ಚಾರ್ಜಿಗೆ ಹಾಕುವ ಜಾಗವನ್ನು ತಲೆದಿಂಬಿನ ಬಳಿಯಿಂದ ಅಡುಗೆ ಮನೆಗೆ ಬದಲಿಸುವುದು ಇವೆಲ್ಲಕ್ಕಿಂತ ಫಲಕಾರಿ. ಅಲಾರಮ್ಮಿಗಾಗಿ ಮೊಬೈಲ್ ಬೇಕೆನ್ನುವವರಿಗೆ ಹಳೆಯ ಗಡಿಯಾರವಿದೆ, ಅದೂ ಇಲ್ಲದಿದ್ದರೆ ಹುಂಜವಿದೆ.

ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ. ವಿದ್ಯಾರ್ಥಿಗಳಿಗೆ ರಾತ್ರಿ ಓದಬೇಡಿ ಎನ್ನಲಾಗದು. ಮೊಬೈಲಿನಲ್ಲಿ ನೋಡಬೇಕಾದ ಪಾಠಗಳನ್ನು ಸಂಜೆಯ ಮೊದಲ ಭಾಗಕ್ಕೂ, ಪುಸ್ತಕದ ಓದನ್ನು ಕೊನೆಗೂ ಇಟ್ಟುಕೊಳ್ಳುವುದು ಸುಲಭದ ಉಪಾಯ. ಬೆಳಕು ಪುಸ್ತಕದ ಮೇಲೆ ಬೀಳಬೇಕು, ಕಣ್ಣಿಗಲ್ಲ. ರಾಜ್ಯದಲ್ಲಿ 2020ರ ನವೆಂಬರಿನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದಾಗಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಮಕ್ಕಳು ಬರತೊಡಗಿದ್ದಾರೆ. ಪರೀಕ್ಷೆಯ ತಿಂಗಳುಗಳಲ್ಲಿ ಅರಿವು ಕೇಂದ್ರವನ್ನು ಸಂಜೆ ಎಂಟರವರೆಗೆ ತೆರೆದಿಡಲು ಸಾಧ್ಯವಾದರೆ, ಟಿ.ವಿ. ಇರುವ ಮನೆಯಿಂದ ಆ ಮಕ್ಕಳಿಗೆ ಎರಡು ಗಂಟೆ ಬಿಡುಗಡೆ ದೊರೆತಂತಾಗುತ್ತದೆ. ಹಗಲಿನಲ್ಲಿ ಬಯಲಿನ ಬೆಳಕನ್ನು ಚೆನ್ನಾಗಿ ಕಂಡ ದೇಹಕ್ಕೆ ಸಂಜೆಯ ದೀಪ ಅಷ್ಟಾಗಿ ಬಾಧಿಸುವುದಿಲ್ಲ ಎಂಬುದೂ ತಿಳಿದಿರಲಿ. ಮನೆಯೊಳಗಿನ ದೀಪ ನೂರಿನ್ನೂರು ಲಕ್ಸ್ ಇದ್ದರೆ ಬಿಸಿಲು 50,000 ಲಕ್ಸ್ ದಾಟುತ್ತದೆ. ಅಮೆರಿಕದ ಕೊಲೊರಾಡೊ ಬೆಟ್ಟಗಳಲ್ಲಿ ಎಂಟು ಮಂದಿ ಒಂದು ವಾರ ಟಾರ್ಚನ್ನೂ ಬಳಸದೆ, ಬೆಂಕಿಯ ಬೆಳಕಿನಲ್ಲಷ್ಟೇ ಬೀಡುಬಿಟ್ಟಾಗ ಅವರ ದೇಹದ ಗಡಿಯಾರ ಸುಮಾರು ಎರಡು ಗಂಟೆ ಮುಂಚಿತವಾಯಿತೆಂದು 2013ರಲ್ಲಿ ವರದಿಯಾಗಿದೆ. ಹಿಂದಿನ ಹಳ್ಳಿಗರು ಹೀಗೆಯೇ ಬದುಕಿದ್ದರು, ಅದಕ್ಕೆ ಪ್ರಯೋಗವೆಂಬ ಹೆಸರಿರಲಿಲ್ಲ ಅಷ್ಟೇ. ಶಾಲೆಯ ಆಟದ ಅವಧಿಯನ್ನು ಬೇರೆ ವಿಷಯಗಳಿಗೆ ಕೊಡದಂತೆ ಎಸ್.ಡಿ.ಎಂ.ಸಿ. ಸಭೆಯಲ್ಲಿ ಹೇಳಲು ಇದೂ ಒಂದು ಕಾರಣ.

ಇನ್ನು ಬೀದಿದೀಪ. ಇದು ನೇರವಾಗಿ ಪಂಚಾಯಿತಿಯ ಹೊಣೆ, ಮತ್ತು ಇಲ್ಲಿ ಎಚ್ಚರಿಕೆಯೂ ಹೆಚ್ಚು ಬೇಕು. ನಿದ್ರೆಯ ಹೆಸರಿನಲ್ಲಿ ಬೀದಿದೀಪ ಆರಿಸುವ ಮಾತು ಈ ಭಾಗದಲ್ಲಿ ಎತ್ತುವಂತಿಲ್ಲ. ಕಬ್ಬಿನ ಗದ್ದೆಗಳಲ್ಲಿ ಚಿರತೆ ಸೇರಿಕೊಳ್ಳುವುದು ಜಿಲ್ಲೆಗೆ ಹೊಸದಲ್ಲ. 2022ರ ಕೊನೆಯಲ್ಲಿ ಚಿರತೆಯ ಕಾರಣಕ್ಕೆ ಕೃಷ್ಣರಾಜಸಾಗರದ ಬೃಂದಾವನ ಉದ್ಯಾನವನ್ನೇ ಮುಚ್ಚಬೇಕಾಯಿತು. ಹಾವುಗಳ ಭಯವಿದೆ. ಬೆಳಗಿನ ಜಾವ ಕ್ಯಾನು ಹಿಡಿದು ಡೇರಿಗೆ ನಡೆಯುವ ಹೆಣ್ಣುಮಕ್ಕಳಿದ್ದಾರೆ. ಆದ್ದರಿಂದ ದೀಪ ಇರಲೇಬೇಕು. ಅದು ನೆಲದ ಮೇಲೆ ಬೀಳುತ್ತಿದೆಯೋ ಮಲಗಿದವರ ಮುಖದ ಮೇಲೆ ಬೀಳುತ್ತಿದೆಯೋ ಎಂಬುದಷ್ಟೇ ಪ್ರಶ್ನೆ. ಎಷ್ಟೋ ಕಂಬಗಳಲ್ಲಿ ದೀಪವನ್ನು ಮೇಲ್ಮುಖವಾಗಿ ಓರೆ ಮಾಡಿ ಕಟ್ಟಿರುತ್ತಾರೆ. ಅರ್ಧ ಬೆಳಕು ಎದುರು ಮನೆಯ ಕಿಟಕಿಗೆ, ಉಳಿದರ್ಧ ತೆಂಗಿನ ಗರಿಗೆ. ಅದನ್ನು ನೆಲಕ್ಕೆ ಸಮಾನಾಂತರವಾಗಿ ತಿರುಗಿಸಿ, ಮನೆಯ ಕಡೆಗೆ ಒಂದು ತಗಡಿನ ಮರೆ ಕೊಟ್ಟರೆ ರಸ್ತೆಗೆ ಬೆಳಕು ಹೆಚ್ಚುತ್ತದೆ, ಮನೆಗೆ ಕಡಿಮೆಯಾಗುತ್ತದೆ. ಈ ಕೆಲಸಕ್ಕೆ ಏಣಿ ಮತ್ತು ಲೈನಿನ ವಿದ್ಯುತ್ ಕಡಿತಗೊಳಿಸಿದ ಒಂದು ಗಂಟೆ ಬೇಕೇ ಹೊರತು ಹೊಸ ಅನುದಾನ ಬೇಕಿಲ್ಲ. ನಿಗಮದ ಸಿಬ್ಬಂದಿ ಇಲ್ಲದೆ ಯಾರನ್ನೂ ಕಂಬ ಹತ್ತಿಸಬಾರದು ಎಂಬುದನ್ನು ಮಾತ್ರ ಮರೆಯುವಂತಿಲ್ಲ.

ಹೊಸ ದೀಪಗಳ ಖರೀದಿಯಲ್ಲಿ ಸದಸ್ಯರು ವ್ಯಾಟ್ ಮತ್ತು ದರವನ್ನು ಮಾತ್ರ ನೋಡುವುದು ರೂಢಿ. ಅಂದಾಜು ಪಟ್ಟಿಯಲ್ಲಿ ಬಣ್ಣತಾಪಮಾನದ ಕಲಂ ಖಾಲಿ ಬಿಟ್ಟರೆ ಸರಬರಾಜುದಾರರು 5700 ಅಥವಾ 6500 ಕೆಲ್ವಿನ್‌ನ ದೀಪಗಳನ್ನೇ ತರುವುದು ಸಾಮಾನ್ಯ. ಅಮೆರಿಕದ ವೈದ್ಯರ ಸಂಘವು 2016ರಲ್ಲಿಯೇ ಬೀದಿದೀಪಗಳು 3000 ಕೆಲ್ವಿನ್ ಅಥವಾ ಅದಕ್ಕಿಂತ ಕಡಿಮೆ ಇರಬೇಕೆಂದು ಶಿಫಾರಸು ಮಾಡಿತ್ತು. ವಸತಿ ಬೀದಿಗಳಿಗೆ 3000 ಕೆಲ್ವಿನ್ ಎಂದು ಸ್ಪಷ್ಟವಾಗಿ ನಮೂದಿಸಬಹುದು. ಬಸ್ ನಿಲ್ದಾಣ, ಮುಖ್ಯರಸ್ತೆಯ ತಿರುವುಗಳಿಗೆ 4000 ಇರಲಿ. ಹಳದಿ ದೀಪ ಹಾಕಿದರೆ ‘ಡಲ್ಲು ದೀಪ ಹಾಕಿದ್ದಾರೆ’ ಎಂಬ ದೂರು ಬರುವುದು ಖಂಡಿತ. ಆದಕಾರಣ ಮೊದಲು ಒಂದೇ ಬೀದಿಯಲ್ಲಿ ಹಾಕಿ, ಒಂದು ತಿಂಗಳು ನೋಡಿ, ಆ ಬೀದಿಯವರನ್ನೇ ಕೇಳಿ ಮುಂದುವರಿಯುವುದು ವಿವೇಕ. ಮಳೆಗಾಲದಲ್ಲಿ ದೀಪದ ಹುಳುಗಳು ಹಳದಿ ಬೆಳಕಿಗೆ ಕಡಿಮೆ ಮುತ್ತುವುದನ್ನು ಕಂಡು ಕೆಲವರು ತಾವಾಗಿ ಒಪ್ಪಿಯಾರು. ಬೆಳಗಾದ ಮೇಲೂ ಉರಿಯುವ ದೀಪಗಳಿಗೆ ಟೈಮರ್ ಸ್ವಿಚ್ ಅಳವಡಿಸುವುದು ನಿದ್ರೆಗೆ ಸಂಬಂಧಿಸಿದ್ದಲ್ಲದಿದ್ದರೂ, ಅದರಿಂದ ಉಳಿಯುವ ಬಿಲ್ಲಿನ ಹಣ ಈ ಬದಲಾವಣೆಗಳಿಗೆ ಒದಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ರೈತರ ಒಂದು ವರ್ಗ ಹೊರಗುಳಿಯುತ್ತದೆ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬರುವ ಕಡೆ, ನೀರು ಕಟ್ಟಲು ರೈತ ಹೊಲದಲ್ಲೇ ಇರಬೇಕಾಗುತ್ತದೆ. ಕರೆಂಟು ಬರುವವರೆಗೆ ಹೊತ್ತು ಕಳೆಯಲು ಮೊಬೈಲೇ ಜೊತೆ. ಅವರಿಗೆ ಒಂಬತ್ತಕ್ಕೆ ಮಲಗಿರಿ ಎಂದು ಉಪದೇಶಿಸುವುದು ಅಪಹಾಸ್ಯವಾದೀತು. ನಡೆಯುವಾಗ ಟಾರ್ಚು ಪ್ರಖರವಾಗಿಯೇ ಇರಬೇಕು, ಹಾವಿನ ಮುಂದೆ ಮೆಲಟೋನಿನ್ನಿನ ಲೆಕ್ಕ ಬರುವುದಿಲ್ಲ. ಮನೆಗೆ ಮರಳಿದ ಮೇಲೆ ಮಂದ ದೀಪದಲ್ಲೇ ಕೈಕಾಲು ತೊಳೆದು, ಬೆಳಗಿನ ಬೆಳಕು ಬೀಳದಂತೆ ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ ಮಲಗಲು ಮನೆಯವರು ಅನುವು ಮಾಡಿಕೊಡಬಹುದು. ಕರೆಂಟು ಬಂದೊಡನೆ ತಾನೇ ಚಾಲೂ ಆಗುವ ಆಟೋ ಸ್ಟಾರ್ಟರ್ ಇರುವಲ್ಲಿ, ಕಾಯುತ್ತ ಪರದೆ ನೋಡುವ ಬದಲು ಅಲ್ಲೇ ಒಂದಿಷ್ಟು ಕಣ್ಣು ಮುಚ್ಚಬಹುದು. ನಿಜವಾದ ಪರಿಹಾರ ಹಗಲು ಹೊತ್ತಿನ ವಿದ್ಯುತ್. ಕುಸುಮ್ ಯೋಜನೆಯಡಿ ಕೃಷಿ ಫೀಡರುಗಳನ್ನು ಸೌರಶಕ್ತಿಗೆ ಜೋಡಿಸುವ ಉದ್ದೇಶಗಳಲ್ಲಿ ಇದೂ ಒಂದು. ಗ್ರಾಮಸಭೆಯ ನಿರ್ಣಯಗಳಲ್ಲಿ ಆ ಬೇಡಿಕೆಯನ್ನು ದಾಖಲಿಸುವಾಗ ನೀರಾವರಿಯ ಜೊತೆಗೆ ರೈತರ ನಿದ್ರೆಯನ್ನೂ ಕಾರಣವಾಗಿ ಬರೆಯಬಹುದು.

ಬೆಳಕು ಕಡಿಮೆ ಮಾಡಿದರೂ ವಾರಗಟ್ಟಲೆ ನಿದ್ರೆ ಬಾರದವರು, ಜೋರಾಗಿ ಗೊರಕೆ ಹೊಡೆಯುತ್ತ ಉಸಿರು ಕಟ್ಟಿ ಏಳುವವರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣಬೇಕು. ಅದು ದೀಪದ ಸಮಸ್ಯೆಯಲ್ಲ. ಮೊಬೈಲ್ ಬಿಡಲಾಗದೆ ಓದು, ಊಟ, ನಿದ್ರೆ ಮೂರನ್ನೂ ಕಳೆದುಕೊಂಡ ಮಕ್ಕಳಿಗಾಗಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2014ರಿಂದ ‘ಶಟ್’ ಎಂಬ ಪ್ರತ್ಯೇಕ ಚಿಕಿತ್ಸಾಲಯವಿದೆ. ಅಷ್ಟು ದೂರ ಹೋಗುವ ಮೊದಲು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಆಶಾ ಕಾರ್ಯಕರ್ತೆಯರ ಬಳಿ ಈ ಸಂಖ್ಯೆ ಇರುವಂತೆ, ಅರಿವು ಕೇಂದ್ರದ ಸೂಚನಾ ಫಲಕದ ಮೇಲೆ ಬರೆದಿರುವಂತೆ ಸದಸ್ಯರು ನೋಡಿಕೊಳ್ಳಬೇಕಾಗಿ ಕೋರಲಾಗಿದೆ.

ಮುಂದಿನ ಸಾಮಾನ್ಯ ಸಭೆಗೆ ಬರುವ ಮುನ್ನ ಪ್ರತಿ ಸದಸ್ಯರೂ ತಮ್ಮ ವಾರ್ಡಿನಲ್ಲಿ ಒಂದು ರಾತ್ರಿ ಹತ್ತು ಗಂಟೆಯ ನಂತರ ನಡೆದು, ಯಾವ ಕಂಬದ ಬೆಳಕು ಯಾರ ಮನೆಯ ಕಿಟಕಿಗೆ ಬೀಳುತ್ತಿದೆ ಎಂಬುದನ್ನು ಕಂಬದ ಸಂಖ್ಯೆಯೊಡನೆ ಗುರುತು ಹಾಕಿಕೊಂಡು ಬಂದರೆ, ಬೀದಿದೀಪ ನಿರ್ವಹಣೆಯ ವಿಷಯದಡಿಯಲ್ಲೇ ಅದನ್ನು ಚರ್ಚೆಗೆ ತೆಗೆದುಕೊಳ್ಳಬಹುದು.